ಸಿಯಾಟಲ್‌ನ ಹಳೇ ಸಂತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜುಲೈ ಕೊನೆಯಿಂದ ಎರಡು ತಿಂಗಳು ಅಮೆರಿಕದ ಸಿಯಾಟಲ್‌ನಲ್ಲಿ ಮಗಳ ಮನೆಯಲ್ಲಿರುತ್ತೇವೆ. ಅಲ್ಲಿನ ಪೈಕ್ ಪ್ಲೇಸ್ ಮಾರ್ಕೆಟ್ ರೈತರದ್ದೇ ಅಂತೆ. ಮಗಳು ಮಾತ್ರ “ಅಲ್ಲಿಗೆ ಮೀನಂಗಡಿಯವರು ಒಬ್ಬರಿಗೊಬ್ಬರು ಮೀನು ಎಸೆಯೋದು ನೋಡೋಕೆ ಟೂರಿಸ್ಟುಗಳು ಹೋಗ್ತಾರಮ್ಮ” ಎನ್ನುತ್ತಾಳೆ. ನಾವು ಸಸ್ಯಾಹಾರಿಗಳು, ಯಜಮಾನರಿಗೆ ಮೊಣಕಾಲು ನೋವು ಬೇರೆ. ಹೋಗಬಹುದೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಖಂಡಿತ ಹೋಗಿ, ಆದರೆ ವಾರದ ದಿನ, ಬೆಳಿಗ್ಗೆ ಹತ್ತರೊಳಗೆ. ಮಗಳ ಮಾತೂ ಸುಳ್ಳಲ್ಲ. ಶನಿವಾರ ಮಧ್ಯಾಹ್ನ ಹೋದವರಿಗೆ ಜನರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಈ ಸಂತೆ ಹುಟ್ಟಿದ್ದೇ ಈರುಳ್ಳಿ ಬೆಲೆಯಿಂದ. ದಲ್ಲಾಳಿಗಳ ಕೈಯಲ್ಲಿ ಬೆಲೆ ಹಲವು ಪಟ್ಟು ಏರಿ ಊರಿನವರು ಸಿಟ್ಟಿಗೆದ್ದಾಗ, ನಗರಸಭೆಯ ಸದಸ್ಯ ಥಾಮಸ್ ರೆವೆಲ್ ರೈತರೇ ನೇರವಾಗಿ ಮಾರುವ ಜಾಗ ಬೇಕೆಂದು ಪಟ್ಟು ಹಿಡಿದರು. 1907ರ ಆಗಸ್ಟ್ 17ರಂದು ಬೆರಳೆಣಿಕೆಯ ಗಾಡಿಗಳು ಬಂದವು, ಮಾಲು ನೋಡನೋಡುತ್ತಲೇ ಖಾಲಿಯಾಯಿತು. ಮುಂದೆ ಇಲ್ಲಿ ಮಾರುತ್ತಿದ್ದವರಲ್ಲಿ ಬಹುಪಾಲು ಜಪಾನಿ ಮೂಲದ ರೈತರು. 1942ರಲ್ಲಿ, ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, ಸರ್ಕಾರ ಅವರನ್ನು ಬಂಧನ ಶಿಬಿರಗಳಿಗೆ ಅಟ್ಟಿದಾಗ ಸಂತೆ ಬರಿದಾಯಿತು. ಆಮೇಲೆ ಕೆಡವಿ ದೊಡ್ಡ ಕಟ್ಟಡ ಕಟ್ಟುವ ಯೋಜನೆ ಬಂತು. 1971ರಲ್ಲಿ ಊರಿನವರೇ ಮತ ಹಾಕಿ ಉಳಿಸಿಕೊಂಡರು.

ಈಗಲೂ ರೈತರಿದ್ದಾರೆ, ಗುರುತಿಸಲು ಗೊತ್ತಿರಬೇಕು. ಎತ್ತರಕ್ಕೆ ಗೋಪುರದಂತೆ ಹಣ್ಣು ಜೋಡಿಸಿಟ್ಟ ಕಾಯಂ ಅಂಗಡಿಗಳು ಸಗಟು ಮಾಲು ತಂದು ಮಾರುವವರದು. ಅಲ್ಲಿ ಮಾವು, ಅನಾನಸ್ ಕಂಡರೆ ಅನುಮಾನವೇ ಬೇಡ, ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಅವು ಬೆಳೆಯುವುದಿಲ್ಲ. ರೈತರದು ತಗ್ಗಿನ ಮೇಜು. ಮೇಲೆ ಹೊಲದ ಹೆಸರಿನ ಫಲಕವಿರುತ್ತದೆ, ಮಾಲು ಎರಡು ಮೂರು ಬಗೆಯದಷ್ಟೇ, ಜಾಗವೂ ದಿನದಿನಕ್ಕೆ ಬದಲಾಗುತ್ತದೆ. ಇವರು ಹೆಚ್ಚಾಗಿ ಉತ್ತರದ ಸಾಲಿನಲ್ಲಿ ಕೂರುತ್ತಾರೆ. ಮೀನಿನ ಅಂಗಡಿ ಇರುವುದು ದೊಡ್ಡ ಗಡಿಯಾರದ ಕೆಳಗಿನ ಮುಖ್ಯ ಬಾಗಿಲ ಬಳಿ. ಆದ್ದರಿಂದ ವರ್ಜೀನಿಯಾ ಸ್ಟ್ರೀಟ್ ತುದಿಯಿಂದ ಒಳಗೆ ಬನ್ನಿ, ವಾಸನೆಯೂ ನೂಕುನುಗ್ಗಲೂ ತಪ್ಪುತ್ತದೆ.

ಮೊಣಕಾಲಿನ ವಿಷಯ: ಸಂತೆ ಇಳಿಜಾರಿನ ಮೇಲಿದೆ. ವೆಸ್ಟ್‌ಲೇಕ್ ರೈಲು ನಿಲ್ದಾಣದಿಂದ ನಡೆದು ಬರುವುದು ಸುಲಭ, ವಾಪಸು ಏರು. ಕಾರಿದ್ದರೆ ವೆಸ್ಟರ್ನ್ ಅವೆನ್ಯೂ ಕಡೆಯ ಸಂತೆಯದೇ ಗ್ಯಾರೇಜಿನಲ್ಲಿ ನಿಲ್ಲಿಸಿ ಲಿಫ್ಟ್‌ನಲ್ಲಿ ಮೇಲೆ ಬನ್ನಿ. ರಸ್ತೆಗೆ ಇಟ್ಟಿಗೆ ಹಾಸಿದೆ, ಮಳೆ ಬಂದರೆ ಜಾರುತ್ತದೆ. ಚಪ್ಪಲಿ ಬೇಡ, ಶೂ ಇರಲಿ.

ಪ್ರಶ್ನೆ: ಹಣ್ಣು ಹೇಗೆ ಆರಿಸಬೇಕು? ಚೌಕಾಸಿ ಮಾಡಬಹುದೇ?

ಉತ್ತರ: ಚೌಕಾಸಿ ಬೇಡ, ಅಲ್ಲಿ ರೂಢಿಯಿಲ್ಲ. ಬೆಲೆ ಬರೆದಿರುವುದು ಪೌಂಡಿಗೆ, ಅಂದರೆ 454 ಗ್ರಾಂಗೆ. ಅದನ್ನು ಎರಡರಷ್ಟು ಮಾಡಿ, ಬಂದದ್ದರ ಹತ್ತನೇ ಒಂದು ಪಾಲು ಕೂಡಿಸಿದರೆ ಕಿಲೋ ಬೆಲೆ: ಪೌಂಡಿಗೆ 4 ಡಾಲರ್ ಎಂದರೆ ಕಿಲೋಗೆ 8.80.

ನೀವು ಹೋಗುವ ಹೊತ್ತಿಗೆ ಚೆರ್ರಿ ಮುಗಿಯುತ್ತಾ ಬಂದಿರುತ್ತದೆ. ಸಿಕ್ಕರೆ ತೊಟ್ಟು ನೋಡಿ: ಹಸಿರಾಗಿ ಬಾಗುವಂತಿದ್ದರೆ ಹೊಸದು, ಕಂದಾಗಿ ಪಟ್ಟೆಂದು ಮುರಿದರೆ ಹಳೆಯದು. ಹಳದಿ ಮೈಗೆ ಕೆಂಪು ಬಳಿದಂತಿರುವ ರೇನಿಯರ್ ಆ ರಾಜ್ಯದಲ್ಲೇ ಹುಟ್ಟಿದ ತಳಿ, ಸ್ವಲ್ಪ ಒತ್ತಿದರೂ ಕಲೆಯಾಗುತ್ತದೆ. ಮನೆಗೆ ತಂದ ಕೂಡಲೇ ತೊಳೆಯಬೇಡಿ. ನೀರು ತೊಟ್ಟಿನ ಬುಡದಲ್ಲಿ ನಿಂತು ಬೂಸ್ಟು ಹಿಡಿಯುತ್ತದೆ. ಹಾಗೇ ಫ್ರಿಜ್ಜಿನಲ್ಲಿಟ್ಟು ತಿನ್ನುವಾಗ ತೊಳೆದುಕೊಳ್ಳಿ. ಪೀಚ್ ಹಣ್ಣನ್ನು ಮಾತ್ರ ಹಿಸುಕಿ ನೋಡಬಾರದು, ಬೆರಳೊತ್ತಿದಲ್ಲಿ ಮರುದಿನ ಕಪ್ಪಾಗುತ್ತದೆ. ‘ಇವತ್ತಿಗೆ ಎರಡು, ಮೂರು ದಿನ ಬಿಟ್ಟು ತಿನ್ನಲು ನಾಲ್ಕು’ ಎಂದು ಹೇಳಿದರೆ ಬೆಳೆದವರೇ ಆರಿಸಿ ಕೊಡುತ್ತಾರೆ.

ಪ್ರಶ್ನೆ: ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವು ಸಿಗುತ್ತದೆಯೇ?

ಉತ್ತರ: ಧಾರಾಳವಾಗಿ. ಆಗಸ್ಟ್ ಎಂದರೆ ಅಲ್ಲೂ ನಿಮ್ಮ ಮಲೆನಾಡಿನ ಡೇರೆ (ಡೇಲಿಯಾ) ಹೂವಿನ ಕಾಲ. ಮೇಜುಗಳಲ್ಲಿ ಹೆಚ್ಚಾಗಿ ಆಗ್ನೇಯ ಏಷ್ಯಾದಿಂದ ಬಂದ ಹ್ಮಾಂಗ್ ಸಮುದಾಯದ ಕುಟುಂಬಗಳು ತಾವೇ ಬೆಳೆದು ಕಟ್ಟಿದ ಗೊಂಚಲುಗಳಿರುತ್ತವೆ. ಕಿತ್ತ ಮೇಲೆ ಡೇರೆಯ ಮೊಗ್ಗು ಅರಳುವುದಿಲ್ಲ, ಹಾಗಾಗಿ ಮುಕ್ಕಾಲು ಅರಳಿದ್ದನ್ನೇ ಕೊಳ್ಳಿ. ಹೂವನ್ನು ತಿರುಗಿಸಿ ಹಿಂದಿನ ಎಸಳು ನೋಡಿ: ಮೆತ್ತಗಾಗಿ ಕಂದಿದ್ದರೆ ಎರಡೇ ದಿನ. ಮನೆಯಲ್ಲಿ ದಂಟಿನ ತುದಿಯನ್ನು ಎರಡು ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗುವ ಎಲೆ ತೆಗೆದು, ದಿನವೂ ನೀರು ಬದಲಿಸಿ. ಹೂವು ಭಾರ, ಮಾಲೆಗೆ ಸೂಜಿ ಚುಚ್ಚಿದರೆ ಎಸಳು ಉದುರುತ್ತವೆ. ಕಳಶದ ಸುತ್ತ ಇಡಲು ಲೇಸು. ಹಣ್ಣು ತರಕಾರಿಗೆ ಆ ರಾಜ್ಯದಲ್ಲಿ ಮಾರಾಟ ತೆರಿಗೆಯಿಲ್ಲ, ಹೂವಿಗೆ ಇದೆ.

ಪ್ರಶ್ನೆ: ಊರಿಗೆ ಏನು ತರಬಹುದು?

ಉತ್ತರ: ಜೇನು, ಜಾಮ್ ಸರಿ. ಎರಡನ್ನೂ ವಿಮಾನದವರು ದ್ರವವೆಂದೇ ಎಣಿಸುತ್ತಾರೆ. 100 ಮಿಲಿಲೀಟರ್ ಮೀರಿದ ಶೀಶೆಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡಿ. ಡೇರೆ ಗೆಡ್ಡೆ, ಬೀಜ ತರಬೇಡಿ, ಅವಕ್ಕೆ ಆಮದು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು.