‘ದಿ ಸಿಂಪ್ಸನ್ಸ್’ನಲ್ಲಿ ಸ್ಯಾಮ್ ಸೈಮನ್ ಅವರ ಪಾತ್ರವೇನು?

‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಕಾರ್ಟೂನ್ ಧಾರಾವಾಹಿಯ ಹೋಮರ್, ಅವನ ಮಗ ಬಾರ್ಟ್‌ರನ್ನು ಸೃಷ್ಟಿಸಿದ್ದು ಮ್ಯಾಟ್ ಗ್ರೋನಿಂಗ್ ಅಂದಮೇಲೆ ಸ್ಯಾಮ್ ಸೈಮನ್ ಮಾಡಿದ್ದೇನು, ಬಿಟ್ಟುಹೋದ ಮೇಲೂ ಅವರ ಹೆಸರು ಯಾಕೆ ಬರುತ್ತದೆ ಎಂದು ಕೇಳಿದ್ದೀರಿ. ಈ ಧಾರಾವಾಹಿಯ ಮೊದಲ ಸೀಸನ್‌ಗಳನ್ನು ತುಂಬ ಹಚ್ಚಿಕೊಂಡು ನೋಡಿದವನು ನಾನು. ಸಿಂಪ್ಸನ್ ಕುಟುಂಬವನ್ನು ಕಲ್ಪಿಸಿಕೊಂಡವರು ಗ್ರೋನಿಂಗ್, ಅದರಲ್ಲಿ ಎರಡು ಮಾತಿಲ್ಲ. ವಾರವಾರವೂ ಅರ್ಧ ಗಂಟೆ ಆ ಕುಟುಂಬದ ಕಥೆ ಹೇಳಬಲ್ಲ ಬರಹಗಾರರ ತಂಡ ಕಟ್ಟಿದವರು ಸೈಮನ್. ನನ್ನ ಲೆಕ್ಕದಲ್ಲಿ ಎರಡನೆಯದೂ ಮೊದಲನೆಯದರಷ್ಟೇ ದೊಡ್ಡ ಕೆಲಸ.

ಅವರಿಗೆ ಅದು ಸಾಧ್ಯವಾದದ್ದು ಎರಡು ಕಡೆಯ ಅನುಭವ ಇದ್ದುದರಿಂದ. 1955ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಸೈಮನ್, ಸ್ಟ್ಯಾನ್‌ಫೋರ್ಡ್‌ನಲ್ಲಿ ಓದುವಾಗ ವಿದ್ಯಾರ್ಥಿಗಳ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಆಮೇಲೆ ಫಿಲ್ಮೇಷನ್ ಸ್ಟುಡಿಯೋ ಸೇರಿ ಮಕ್ಕಳ ಕಾರ್ಟೂನ್‌ಗಳಿಗೆ ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರಸರಣಿ) ಬಿಡಿಸಿದರು, ಕಥೆಗಳನ್ನೂ ಬರೆದರು. ಅಲ್ಲಿಂದ ‘ಟ್ಯಾಕ್ಸಿ’ ಎಂಬ ಹಾಸ್ಯ ಧಾರಾವಾಹಿಗೆ ತಾವಾಗಿಯೇ ಒಂದು ಸ್ಕ್ರಿಪ್ಟ್ ಬರೆದು ಕಳಿಸಿದರು. ಅದು ಒಪ್ಪಿಗೆಯಾಯಿತು. ಮೂವತ್ತು ತುಂಬುವ ಮೊದಲೇ, ಅದರ ಕೊನೆಯ ಸೀಸನ್‌ನಲ್ಲಿ, ಇಡೀ ಕಾರ್ಯಕ್ರಮದ ಹೊಣೆ ಅವರ ಹೆಗಲಿಗೆ ಬಂತು. ನಂತರ ‘ಚಿಯರ್ಸ್’ ಎಂಬ ಇನ್ನೊಂದು ಹಾಸ್ಯ ಧಾರಾವಾಹಿ. ಹೀಗೆ ಚಿತ್ರ ಚಲಿಸುವುದು ಹೇಗೆಂದೂ ಗೊತ್ತು, ಜೀವಂತ ನಟರ ಮಾತಿನಲ್ಲಿ ನಗು ಹುಟ್ಟುವುದು ಹೇಗೆಂದೂ ಗೊತ್ತು. ಆಗಿನ ಕಾಲಕ್ಕೆ ಇದು ಅಪರೂಪ.

1987ರಲ್ಲಿ ‘ದಿ ಟ್ರೇಸಿ ಉಲ್ಮನ್ ಶೋ’ ಎಂಬ ಹಾಸ್ಯ ಕಾರ್ಯಕ್ರಮದ ನಡುನಡುವೆ ಸಿಂಪ್ಸನ್ಸ್ ತುಣುಕುಗಳು ಬರತೊಡಗಿದವು. ಆ ಕಾರ್ಯಕ್ರಮದಲ್ಲೂ ಸೈಮನ್ ಇದ್ದರು. ತುಣುಕುಗಳನ್ನು ಅರ್ಧ ಗಂಟೆಗೆ ಬೆಳೆಸುವಾಗ ನಿರ್ಮಾಪಕ ಜೇಮ್ಸ್ ಎಲ್. ಬ್ರೂಕ್ಸ್, ಗ್ರೋನಿಂಗ್ ಜೊತೆ ಇವರೂ ಸೇರಿ ಅದಕ್ಕೆ ರೂಪ ಕೊಟ್ಟರು. ಬರಹಗಾರರನ್ನು ಆರಿಸಿದ್ದು ಹೆಚ್ಚಾಗಿ ಸೈಮನ್ನರೇ. ಜಾರ್ಜ್ ಮೇಯರ್ ಹೊರತರುತ್ತಿದ್ದ ‘ಆರ್ಮಿ ಮ್ಯಾನ್’ ಎಂಬ ಪುಟ್ಟ ಹಾಸ್ಯಪತ್ರಿಕೆ ಅವರಿಗೆ ಬಹಳ ಇಷ್ಟ. ಮೇಯರ್ ಅವರನ್ನೂ, ಅದಕ್ಕೆ ಬರೆಯುತ್ತಿದ್ದ ಜಾನ್ ಸ್ವಾರ್ಟ್ಜ್‌ವೆಲ್ಡರ್, ಜಾನ್ ವಿಟ್ಟಿ ಅವರನ್ನೂ ಕರೆಸಿಕೊಂಡರು. ಬೇರೆ ಕಡೆಯಿಂದ ಆಲ್ ಜೀನ್, ಮೈಕ್ ರೀಸ್ ಬಂದರು. ಕಂತಿಗೆ ಒಬ್ಬರದೋ ಇಬ್ಬರದೋ ಹೆಸರು ಬಿದ್ದರೂ ಸ್ಕ್ರಿಪ್ಟನ್ನು ಎಲ್ಲರೂ ಒಂದೇ ಕೋಣೆಯಲ್ಲಿ ಕೂತು, ಸಾಲುಸಾಲಾಗಿ ತಿದ್ದುತ್ತಿದ್ದರು.

ಅನಿಮೇಷನ್‌ನಲ್ಲಿ ಈ ತಿದ್ದುವಿಕೆಗೆ ಇನ್ನೂ ಹೆಚ್ಚಿನ ಬೆಲೆಯಿದೆ. ‘ಚಿಯರ್ಸ್’ನಂಥ ಧಾರಾವಾಹಿಯಲ್ಲಿ ಎದುರಿಗೇ ಪ್ರೇಕ್ಷಕರಿರುತ್ತಾರೆ, ನಗು ಬರಲಿಲ್ಲವೆಂದರೆ ಅಲ್ಲೇ ಸಾಲು ಬದಲಿಸಬಹುದು. ಕಾರ್ಟೂನ್ ಹಾಗಲ್ಲ. ಧ್ವನಿಮುದ್ರಣ, ಸ್ಟೋರಿಬೋರ್ಡ್, ಕೊರಿಯಾದ ಸ್ಟುಡಿಯೋದಲ್ಲಿ ಚಿತ್ರ ಬಿಡಿಸುವುದು ಎಲ್ಲ ಮುಗಿದು ಕಂತು ಕೈಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಮೊದಲು ತಯಾರಾದ ಕಂತಿನ ಅನಿಮೇಷನ್ ಎಷ್ಟು ಕೆಟ್ಟದಾಗಿ ಬಂದಿತ್ತೆಂದರೆ ಅದರ ಬಹುಪಾಲನ್ನು ಮತ್ತೆ ಮಾಡಬೇಕಾಯಿತು. ಅದನ್ನು ಸೀಸನ್ನಿನ ಕೊನೆಗೆ ತಳ್ಳಿ, 1989ರ ಡಿಸೆಂಬರ್ 17ರಂದು ಕ್ರಿಸ್‌ಮಸ್ ಕಥೆಯಿಂದ ಪ್ರಸಾರ ಶುರುಮಾಡಿದರು.

ನಟರನ್ನು ಒಬ್ಬೊಬ್ಬರನ್ನಾಗಿ ಕರೆಯದೆ, ರೇಡಿಯೋ ನಾಟಕದಂತೆ ಒಟ್ಟಿಗೆ ನಿಲ್ಲಿಸಿ ಮುದ್ರಿಸಿಕೊಂಡದ್ದೂ ಸೈಮನ್ನರ ಪದ್ಧತಿಯೇ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವ ಆ ಸಹಜತೆಯನ್ನು ಕಿವಿಗೊಟ್ಟು ಕೇಳಿದರೆ ನಿಮಗೇ ತಿಳಿಯುತ್ತದೆ.

ಬರಹಗಾರರಾಗಿ ಅವರನ್ನು ನೋಡಬೇಕೆಂದರೆ, ಸ್ವಾರ್ಟ್ಜ್‌ವೆಲ್ಡರ್ ಜೊತೆ ಬರೆದ 1990ರ ಮೂರು ಕಣ್ಣಿನ ಮೀನಿನ ಕಂತನ್ನು ನೋಡಿ. ಅಣುಸ್ಥಾವರದ ಒಡೆಯ ಬರ್ನ್ಸ್ ಗವರ್ನರ್ ಚುನಾವಣೆಗೆ ನಿಂತಿದ್ದಾನೆ. ಪ್ರಚಾರಕ್ಕೆಂದು ಕ್ಯಾಮೆರಾಗಳ ಜೊತೆ ಹೋಮರನ ಮನೆಗೆ ಊಟಕ್ಕೆ ಬರುತ್ತಾನೆ. ಹೋಮರನ ಹೆಂಡತಿ ಮಾರ್ಜ್ ವಾದಕ್ಕಿಳಿಯುವುದಿಲ್ಲ, ಅವನ ಸ್ಥಾವರದ ಮಾಲಿನ್ಯದಿಂದ ಹುಟ್ಟಿದ ಅದೇ ಮೀನನ್ನು ಬೇಯಿಸಿ ಬಡಿಸುತ್ತಾಳೆ. ಅವನು ನುಂಗಲಾರದೆ ಉಗುಳುತ್ತಾನೆ, ಅಲ್ಲಿಗೆ ಚುನಾವಣೆ ಮುಗಿಯಿತು. ಆ ನಗು ಹುಟ್ಟುವುದು ಮಾರ್ಜ್‌ಳ ಸ್ವಭಾವದಿಂದ. ಅಡುಗೆಮನೆಯೇ ಅವಳ ದನಿ. ಇಂಥ ಬರವಣಿಗೆಯನ್ನು ಕಾರ್ಟೂನಿಗೆ ತಂದರಲ್ಲ, ನನಗೆ ಅವರ ಮೇಲೆ ಗೌರವ ಅದಕ್ಕೇ.

ಇನ್ನು ಹೆಸರಿನ ಮಾತು. ಗ್ರೋನಿಂಗ್ ಜೊತೆ ಭಿನ್ನಾಭಿಪ್ರಾಯ ಬೆಳೆದು 1993ರಲ್ಲಿ ಸೈಮನ್ ಹೊರಬಂದರು. ಬರುವಾಗ ಮಾಡಿಕೊಂಡ ಒಪ್ಪಂದದಲ್ಲಿ ಕಾರ್ಯನಿರ್ವಾಹಕ ನಿರ್ಮಾಪಕರ ಪಟ್ಟವೂ ಲಾಭದಲ್ಲಿ ಪಾಲೂ ಉಳಿದವು. ಹಾಗಾಗಿ ಅಲ್ಲಿ ಕೆಲಸ ಮಾಡದಿದ್ದರೂ ವರ್ಷಕ್ಕೆ ಕೋಟ್ಯಂತರ ಡಾಲರ್ ಬರುತ್ತಿತ್ತು. ಆ ಹಣದಿಂದ 2002ರಲ್ಲಿ ಪ್ರತಿಷ್ಠಾನವೊಂದನ್ನು ಕಟ್ಟಿದರು. ದಿಕ್ಕಿಲ್ಲದ ನಾಯಿಗಳನ್ನು ತಂದು, ಕಿವಿ ಕೇಳದವರಿಗೂ ಯುದ್ಧದಿಂದ ಮರಳಿದ ಸೈನಿಕರಿಗೂ ನೆರವಾಗುವಂತೆ ತರಬೇತಿ ಕೊಡುವ ಸಂಸ್ಥೆ ಅದು. 2012ರ ಕೊನೆಯಲ್ಲಿ ಕರುಳಿನ ಕ್ಯಾನ್ಸರ್ ಪತ್ತೆಯಾಗಿ, ಕೆಲವೇ ತಿಂಗಳು ಎಂದು ವೈದ್ಯರು ಹೇಳಿದ ಮೇಲೂ ಎರಡು ವರ್ಷಕ್ಕೂ ಹೆಚ್ಚು ಬದುಕಿ, ಇದ್ದುದನ್ನು ಪ್ರಾಣಿಗಳಿಗಾಗಿ ಹಂಚುತ್ತಲೇ ಹೋದರು. 2015ರ ಮಾರ್ಚ್ 8ರಂದು ತೀರಿಕೊಂಡರು.