ಜಿಪಿಎಕ್ಸ್ ಸ್ಕೀಮಾ ಚಿತ್ರ ಓದುವುದು ಹೇಗೆ (ಫೈಲ್ ತೆರೆಯದಿದ್ದರೆ ಇಲ್ಲಿ ನೋಡಿ)

ನಮಸ್ಕಾರ ಸರ್. ನಂದಿ ಬೆಟ್ಟದ ರೈಡಿನ ಜಿಪಿಎಕ್ಸ್ ಫೈಲನ್ನು (ದಾರಿ, ಜಾಗಗಳನ್ನು ಬರೆದಿಡುವ ಫೈಲ್) ನೋಟ್‌ಪ್ಯಾಡ್‌ನಲ್ಲಿ ತೆರೆದು ಟೀ ಅಂಗಡಿ, ನೀರು ಸಿಗುವ ಜಾಗ, ಪಂಕ್ಚರ್ ಅಂಗಡಿ ಎಲ್ಲ ಕೈಯಲ್ಲೇ ಸೇರಿಸಿದ್ದೀರಿ. ಫೋನ್ ಆ್ಯಪ್‌ನಲ್ಲಿ ತೆರೆಯುತ್ತೆ, ಸೈಕಲ್ ಕಂಪ್ಯೂಟರ್ ಮಾತ್ರ ಬೇಡ ಅನ್ನುತ್ತೆ. ಯಾರೋ ಸ್ಕೀಮಾ ಚಿತ್ರ (ಫೈಲಿನಲ್ಲಿ ಏನೇನು, ಯಾವ ಕ್ರಮದಲ್ಲಿ ಇರಬೇಕು ಅನ್ನುವ ನಿಯಮಗಳ ಚಿತ್ರ) ಕಳಿಸಿ "ಇದನ್ನು ನೋಡಿ, ಗೊತ್ತಾಗುತ್ತೆ" ಅಂದರು, ನಿಮಗೆ ಬರೀ ಡಬ್ಬಿಗಳು ಕಾಣಿಸಿದವು. ಇಷ್ಟೇ ಅಲ್ವಾ ಸಮಸ್ಯೆ?

ನೀವು ಹಾಕಿದ ತುಣುಕು ನೋಡಿದೆ. ಎರಡು ಕಡೆ ತಪ್ಪಿದೆ, ಎರಡಕ್ಕೂ ಉತ್ತರ ಆ ಚಿತ್ರದಲ್ಲೇ ಇದೆ.

ಮೊದಲು ಚಿತ್ರ ಓದುವ ಬಗೆ. ಅದು ಎಕ್ಸ್‌ಎಂಎಲ್‌ಸ್ಪೈ ಅನ್ನುವ ಸಾಫ್ಟ್‌ವೇರಿನ ಶೈಲಿಯ ಚಿತ್ರ. ಎಡದಿಂದ ಬಲಕ್ಕೆ ಓದಬೇಕು. ಎಡ ತುದಿಯ ಡಬ್ಬಿ "ಜಿಪಿಎಕ್ಸ್", ಅಂದರೆ ಫೈಲಿನ ಹೊರಗಿನ ಟ್ಯಾಗ್ (ಕೋನಾಕಾರದ ಆವರಣದೊಳಗೆ ಬರೆಯುವ ಹೆಸರು). ಅದರಿಂದ ಬಲಕ್ಕೆ ಹೊರಡುವ ಗೆರೆಗಳೆಲ್ಲ ಅದರ ಒಳಗೆ ಬರುವ ಟ್ಯಾಗ್‌ಗಳಿಗೆ ಹೋಗುತ್ತವೆ. ಡಬ್ಬಿಯ ಬಲ ಅಂಚಿನಲ್ಲಿ ಪ್ಲಸ್ ಗುರುತು ಇದ್ದರೆ ಒಳಗೆ ಇನ್ನೂ ಇದೆ, ಚಿತ್ರದಲ್ಲಿ ಮಡಚಿಟ್ಟಿದ್ದಾರೆ ಅಂತ ಅರ್ಥ. ನಿಮಗೆ ಬಂದ ಚಿತ್ರದಲ್ಲಿ ಟಿಆರ್‌ಕೆ (ಟ್ರ್ಯಾಕ್, ಅಂದರೆ ಹೋದ ದಾರಿ) ಡಬ್ಬಿಗೆ ಪ್ಲಸ್ ಇದೆ ನೋಡಿ. ಅದಕ್ಕೇ ಟ್ರ್ಯಾಕ್ ಪಾಯಿಂಟ್ ಎಲ್ಲೂ ಕಾಣಲಿಲ್ಲ.

ಡಬ್ಬಿಯ ಸುತ್ತ ಗಟ್ಟಿ ಗೆರೆ ಇದ್ದರೆ ಆ ಟ್ಯಾಗ್ ಇರಲೇಬೇಕು. ತುಂಡು ತುಂಡು ಗೆರೆ ಇದ್ದರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಕೆಳಗೆ ಸೊನ್ನೆಯಿಂದ ಅನಂತ ಅಂತ ಬರೆದಿದ್ದರೆ ಎಷ್ಟು ಸಲ ಬೇಕಾದರೂ ಬರಬಹುದು. ಏನೂ ಬರೆಯದೆ ಗಟ್ಟಿ ಗೆರೆ ಮಾತ್ರ ಇದ್ದರೆ ಸರಿಯಾಗಿ ಒಂದು ಸಲ. ಜಿಪಿಎಕ್ಸ್ 1.1ರ ಚಿತ್ರದಲ್ಲಿ ತುಂಡು ಗೆರೆಯ ಡಬ್ಬಿಗಳೇ ಜಾಸ್ತಿ. ಆದ್ದರಿಂದ "ಎಲ್ಲಾ ಐಚ್ಛಿಕ ತಾನೇ, ಎಲ್ಲಿ ಬೇಕಾದರೂ ಹಾಕಬಹುದು" ಅನ್ನಿಸುತ್ತೆ. ಎಡವುವುದು ಇಲ್ಲೇ.

ಜಿಪಿಎಕ್ಸ್ ಡಬ್ಬಿಗೂ ಅದರ ಮಕ್ಕಳಿಗೂ (ಒಳಗಿನ ಟ್ಯಾಗ್‌ಗಳಿಗೂ) ನಡುವೆ ಒಂದು ಎಂಟು ಮೂಲೆಯ ಸಣ್ಣ ಗುರುತು ಇದೆ, ಒಳಗೆ ಗೆರೆಯ ಮೇಲೆ ಸಾಲಾಗಿ ಮೂರು ಚುಕ್ಕೆ. ಯಾರೂ ಅದನ್ನು ಗಮನಿಸುವುದಿಲ್ಲ. ನನ್ನ ಪ್ರಕಾರ ಇಡೀ ಚಿತ್ರದಲ್ಲಿ ಮುಖ್ಯವಾದದ್ದು ಅದೇ. ಅದು ಸೀಕ್ವೆನ್ಸ್ ಗುರುತು: ಮಕ್ಕಳು ಮೇಲಿನಿಂದ ಕೆಳಕ್ಕೆ ಚಿತ್ರದಲ್ಲಿ ಇರುವ ಕ್ರಮದಲ್ಲೇ ಬರಬೇಕು. ಒಂದನ್ನು ಬಿಡಬಹುದು, ಹಿಂದೆ ಮುಂದೆ ಮಾಡುವ ಹಾಗಿಲ್ಲ. ಸ್ಕೀಮಾ ಫೈಲಿನೊಳಗೂ ಇದೇ ಕ್ರಮದಲ್ಲಿ ಬರಬೇಕು ಅಂತ ಒಂದು ಕಾಮೆಂಟ್ ಬರೆದಿಟ್ಟಿದ್ದಾರೆ. ಬೇರೆ ಸ್ಕೀಮಾಗಳಲ್ಲಿ ಸ್ವಿಚ್ ತರಹ ಕಾಣುವ ಗುರುತೂ ಸಿಗುತ್ತೆ. ಅದು ಚಾಯ್ಸ್, ಇದ್ದದ್ದರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ. ಜಿಪಿಎಕ್ಸ್‌ಗೆ ಅದರ ತಲೆಬಿಸಿ ಬೇಡ.

ಈಗ ನಿಮ್ಮ ಫೈಲ್. ಹೊರಗಿನ ಮಟ್ಟದ ಕ್ರಮ ಹೀಗಿದೆ: ಮೆಟಾಡೇಟಾ (ಫೈಲಿನ ಬಗೆಗಿನ ವಿವರ), ಆಮೇಲೆ ಡಬ್ಲ್ಯುಪಿಟಿಗಳು (ವೇಪಾಯಿಂಟ್, ಅಂದರೆ ಗುರುತು ಮಾಡಿದ ಜಾಗಗಳು, ನಿಮ್ಮ ಟೀ ಅಂಗಡಿಗಳು), ಆಮೇಲೆ ಆರ್‌ಟಿಇ (ರೂಟ್, ಅಂದರೆ ಹೋಗಬೇಕಾದ ದಾರಿ), ಆಮೇಲೆ ಟಿಆರ್‌ಕೆ, ಕೊನೆಗೆ ಎಕ್ಸ್‌ಟೆನ್ಷನ್ಸ್ (ಹೆಚ್ಚುವರಿ ಮಾಹಿತಿ). ನೀವು ಡಬ್ಲ್ಯುಪಿಟಿಗಳನ್ನು ಟಿಆರ್‌ಕೆ ಮುಗಿದ ಮೇಲೆ ಅಂಟಿಸಿದ್ದೀರಿ. ಸುಮ್ನೆ ಕಟ್ ಮಾಡಿ ಟಿಆರ್‌ಕೆಗಿಂತ ಮೇಲೆ ಹಾಕಿ.

ಎರಡನೆಯದು ಪ್ರತಿ ಡಬ್ಲ್ಯುಪಿಟಿ ಒಳಗೆ. ನೀವು ಮೊದಲು ಹೆಸರು, ಆಮೇಲೆ ಎತ್ತರ ಬರೆದಿದ್ದೀರಿ. ಚಿತ್ರದಲ್ಲಿ ಮೊದಲು ಇಎಲ್‌ಇ, ಅಂದರೆ ಎತ್ತರ, ಮೀಟರ್‌ನಲ್ಲಿ. ನಂತರ ಟೈಮ್. ಹೆಸರು ಅದರ ಕೆಳಗೆ ಬರುತ್ತೆ, ವಿವರಣೆ ಇನ್ನೂ ಕೆಳಗೆ, ಐಕಾನ್ ಹೆಸರು ಅದಕ್ಕೂ ಕೆಳಗೆ. ಹಾಗಾಗಿ ಬೆಟ್ಟದ ತುದಿಯ ಪಾಯಿಂಟ್‌ನಲ್ಲಿ 1478 ಮೊದಲು, "ನಂದಿ ಬೆಟ್ಟ" ಆಮೇಲೆ. ಸಡಿಲವಾಗಿ ಓದುವ ಆ್ಯಪ್‌ಗಳು ಇಂಥದ್ದನ್ನೆಲ್ಲ ನುಂಗಿಕೊಳ್ಳುತ್ತವೆ, ಕಟ್ಟುನಿಟ್ಟಾಗಿ ಓದುವವು ವಾಪಸ್ ಕಳಿಸುತ್ತವೆ.

ಡಬ್ಲ್ಯುಪಿಟಿ, ಟ್ರ್ಯಾಕ್ ಪಾಯಿಂಟ್, ರೂಟ್ ಪಾಯಿಂಟ್ ಮೂರಕ್ಕೂ ಟೈಪ್ ಒಂದೇ, ಅಂದರೆ ಒಳಗಿನ ಟ್ಯಾಗ್‌ಗಳೂ ಅವುಗಳ ಕ್ರಮವೂ ಒಂದೇ. ಚಿತ್ರದಲ್ಲಿ ಹಳದಿ ಹಿನ್ನೆಲೆಯ ದೊಡ್ಡ ಚೌಕದ ಮೇಲೆ ಆ ಟೈಪಿನ ಹೆಸರು ಬರೆದಿರುತ್ತೆ. ಒಂದು ಸಲ ಕ್ರಮ ಕಲಿತರೆ ಮೂರೂ ಕಡೆ ನಡೆಯುತ್ತೆ.

ಅಕ್ಷಾಂಶ, ರೇಖಾಂಶ ಎಲ್ಲಿ ಅಂತ ಕೇಳಿದ್ದಿರಿ. ಅವು ಒಳಗಿನ ಟ್ಯಾಗ್ ಅಲ್ಲ, ಆಟ್ರಿಬ್ಯೂಟ್. ಅಂದರೆ ಶುರುವಿನ ಟ್ಯಾಗಿನ ಒಳಗೇ ಬರೆಯುವಂಥವು. ಚಿತ್ರದಲ್ಲಿ "ಆಟ್ರಿಬ್ಯೂಟ್ಸ್" ಅನ್ನುವ ಬೇರೆ ಚೌಕದಲ್ಲಿ ಕೂತಿವೆ. ಎರಡೂ ಗಟ್ಟಿ ಗೆರೆ, ಬಿಡುವ ಹಾಗಿಲ್ಲ. ಆದರೆ ಇವುಗಳಲ್ಲಿ ಯಾವುದು ಮೊದಲು ಅನ್ನುವ ನಿಯಮ ಇಲ್ಲ. ಕ್ರಮದ ಕಾಟ ಏನಿದ್ದರೂ ಟ್ಯಾಗ್‌ಗಳಿಗೆ.

ಇಲ್ಲೊಂದು ಎಚ್ಚರಿಕೆ. ಅಕ್ಷಾಂಶ -90ರಿಂದ 90ರೊಳಗೆ ಇರಬೇಕು ಅಂತಷ್ಟೇ ಸ್ಕೀಮಾ ನೋಡುತ್ತೆ. ನಂದಿ ಬೆಟ್ಟ ಸುಮಾರು 13.37, 77.68. ಅದಲು ಬದಲಾಗಿ 77.68ನ್ನು ಅಕ್ಷಾಂಶ ಮಾಡಿದರೂ ಅದು 90ರೊಳಗೇ ಇದೆ, ಸ್ಕೀಮಾ ಚೆಕ್ ಪಾಸ್! ಪಾಯಿಂಟ್ ಮಾತ್ರ ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್‌ಬಾರ್ಡ್ ಹತ್ತಿರ ಬಿದ್ದಿರುತ್ತೆ. ಕೆಎಂಎಲ್ ಫೈಲಿನಿಂದ (ಗೂಗಲ್ ಅರ್ಥ್‌ನಲ್ಲಿ ಬಳಸುವ ನಕ್ಷೆ ಫೈಲ್) ಕಾಪಿ ಮಾಡುವವರಿಗೆ ಇದು ಸುಲಭವಾಗಿ ಆಗುತ್ತೆ, ಯಾಕೆಂದರೆ ಅಲ್ಲಿ ರೇಖಾಂಶ ಮೊದಲು ಬರುತ್ತೆ.

ಟೈಮ್ ಕೂಡ ಹಾಗೇ. ಅಲ್ಲಿ ಬರೆಯಬೇಕಾದ್ದು ಯುಟಿಸಿ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಬೆಳಿಗ್ಗೆ 6:30ಕ್ಕೆ ಹೊರಟಿದ್ದರೆ ಫೈಲಿನಲ್ಲಿ 01:00 ಇರಬೇಕು. ಚಿತ್ರ ನೋಡಿದರೆ ಇದು ತಿಳಿಯುವುದಿಲ್ಲ, ಸ್ಕೀಮಾದ ವಿವರಣೆ ಓದಬೇಕು.

ಹಾರ್ಟ್ ರೇಟ್ ಬಗ್ಗೆ ಚಿಕ್ಕದಾಗಿ: 1.1ರಲ್ಲಿ ಅದಕ್ಕೆ ಸ್ವಂತ ಡಬ್ಬಿ ಇಲ್ಲ. ಪ್ರತಿ ಪಾಯಿಂಟಿನ ಕೊನೆಯ ಎಕ್ಸ್‌ಟೆನ್ಷನ್ಸ್ ಒಳಗೆ ಹೋಗುತ್ತೆ. ವೇಗ 1.0ರಲ್ಲಿ ಟ್ರ್ಯಾಕ್ ಪಾಯಿಂಟಿನಲ್ಲೇ ಇತ್ತು, 1.1ರಲ್ಲಿ ತೆಗೆದುಬಿಟ್ಟರು. ಹಳೇ ಫೈಲ್, ಹೊಸ ಚಿತ್ರ ಇಟ್ಟುಕೊಂಡು ಹೋಲಿಸಬೇಡಿ. ಮೊದಲ ಟ್ಯಾಗಿನಲ್ಲಿ ವರ್ಷನ್ ಯಾವುದು ಅಂತ ನೋಡಿಕೊಂಡೇ ಚಿತ್ರ ತೆಗೆಯಿರಿ.

ಸರಿಮಾಡಿದ ಮೇಲೆ ಕಣ್ಣಲ್ಲೇ ಪರೀಕ್ಷೆ ಮಾಡುತ್ತಾ ಕೂರಬೇಡಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಎಕ್ಸ್‌ಎಂಎಲ್ ಟೂಲ್ಸ್ ಅನ್ನುವ ಪ್ಲಗಿನ್ ಇದೆ, ಸ್ಕೀಮಾ ಕೊಟ್ಟರೆ ಅದೇ ಹೇಳುತ್ತೆ. ಲಿನಕ್ಸ್ ಇದ್ದರೆ ಎಕ್ಸ್‌ಎಂಎಲ್‌ಲಿಂಟ್ ಅನ್ನುವ ಕಮಾಂಡ್ ಸಾಕು. ಈ ಟ್ಯಾಗ್ ಇಲ್ಲಿ ಬರಬಾರದಿತ್ತು, ಬರಬೇಕಾದದ್ದು ಇವು ಅಂತ ಸಾಲಿನ ಸಂಖ್ಯೆ ಸಮೇತ ತೋರಿಸುತ್ತೆ. ಮೇಲಿನ ಎರಡೂ ತಪ್ಪು ಸರಿಮಾಡಿದ ಮೇಲೂ ಏನಾದರೂ ಬಂದರೆ ಆ ಎರರ್ ಸಾಲನ್ನೂ ಫೈಲಿನ ಮೊದಲ ನಾಲ್ಕು ಸಾಲನ್ನೂ ಇಲ್ಲೇ ಹಾಕಿ, ಸಂಜೆ ನೋಡುತ್ತೇನೆ.