ಓದುಗರ ಪ್ರಶ್ನೆಗಳಿಗೆ ಉತ್ತರ: ಮೊದಲು ಕೊಳ್ಳಬೇಕಾದದ್ದು ಕ್ಯಾಮೆರಾ ಬಾಡಿಯೋ, ಲೆನ್ಸೋ, ಫ್ಲ್ಯಾಶೋ?

ಹವ್ಯಾಸಿ ಛಾಯಾಗ್ರಾಹಕರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಳ್ಳುವ ವಿಚಾರಕ್ಕೇ ಸಂಬಂಧಿಸಿವೆ. ಅವುಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಬಳಿ ಎಪಿಎಸ್-ಸಿ (ಚಿಕ್ಕ ಅಳತೆಯ) ಸೆನ್ಸರಿನ ಹಳೆಯ ಡಿಎಸ್‌ಎಲ್‌ಆರ್ ಮತ್ತು ಅದರೊಂದಿಗೇ ಬಂದ 18-55 ಮಿ.ಮೀ. ಕಿಟ್ ಲೆನ್ಸ್ ಇವೆ. ಮಗಳ ನೃತ್ಯ ಕಾರ್ಯಕ್ರಮಗಳನ್ನು ಸಭಾಂಗಣದೊಳಗೆ ತೆಗೆದಾಗ ಚಿತ್ರಗಳು ಒಂದೋ ಅಲುಗಿದಂತೆ ಬರುತ್ತವೆ, ಇಲ್ಲವೇ ಕಾಳುಕಾಳಾಗಿರುತ್ತವೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಬಾಡಿ ಕೊಂಡರೆ ಈ ತೊಂದರೆ ನೀಗುತ್ತದೆಯೇ?

ಉತ್ತರ: ಸ್ವಲ್ಪ ಮಟ್ಟಿಗೆ ನೀಗುತ್ತದೆ. ಆದರೆ ಅದಕ್ಕಿಂತ ತೀರ ಕಡಿಮೆ ಖರ್ಚಿನಲ್ಲಿ ಹೆಚ್ಚು ನೀಗಿಸುವ ದಾರಿ ಬೇರೆ ಇದೆ. ನಿಮ್ಮ ಕಿಟ್ ಲೆನ್ಸನ್ನು 55 ಮಿ.ಮೀ.ಗೆ ಜೂಮ್ ಮಾಡಿದಾಗ ಅದರ ಅಪರ್ಚರ್ (ಬೆಳಕು ಒಳಬರುವ ರಂಧ್ರ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು) ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ. ನರ್ತಿಸುವವರ ಕೈಕಾಲುಗಳು ಕದಡದೆ ಮೂಡಬೇಕಾದರೆ ಶಟರ್ ವೇಗ ಸೆಕೆಂಡಿನ 1/250ರಷ್ಟಾದರೂ ಇರಬೇಕಾಗುತ್ತದೆ. ಸಭಾಂಗಣದ ಬೆಳಕಿನಲ್ಲಿ ಈ ಎರಡನ್ನೂ ಹೊಂದಿಸಹೊರಟರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 6400ಕ್ಕೋ ಅದರಾಚೆಗೋ ಏರುತ್ತದೆ, ಕಾಳುಗಳು ಕಾಣಿಸಿಕೊಳ್ಳುವುದು ಅಲ್ಲಿಯೇ. ಈಗ ಅದೇ ಬಾಡಿಗೆ 50 ಮಿ.ಮೀ. ಎಫ್/1.8 ಪ್ರೈಮ್ (ಜೂಮ್ ಇಲ್ಲದ) ಲೆನ್ಸನ್ನು ಹಾಕಿ ಎಫ್/2ರಲ್ಲಿ ಚಿತ್ರ ತೆಗೆದಿರಿ ಎಂದಿಟ್ಟುಕೊಳ್ಳೋಣ. ಎಫ್/5.6ರಿಂದ ಎಫ್/2ಕ್ಕೆ ಮೂರು ಸ್ಟಾಪ್‌ಗಳ ಅಂತರ. ಒಂದೊಂದು ಸ್ಟಾಪ್‌ಗೂ ಬೆಳಕು ಇಮ್ಮಡಿಯಾಗುವುದರಿಂದ ಸೆನ್ಸರಿಗೆ ಎಂಟು ಪಟ್ಟು ಬೆಳಕು ಸಿಗುತ್ತದೆ, ಐಎಸ್‌ಒ 6400ರಿಂದ 800ಕ್ಕೆ ಇಳಿಯುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಳತೆ 36 × 24 ಮಿ.ಮೀ.; ಅದರ ವಿಸ್ತೀರ್ಣ ಎಪಿಎಸ್-ಸಿ ಸೆನ್ಸರಿನ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಅಂದರೆ ಬಾಡಿ ಬದಲಿಸಿದ್ದರಿಂದ ಸಿಗುವ ಲಾಭ ಒಂದೂಕಾಲು ಸ್ಟಾಪ್‌ನ ಆಸುಪಾಸಿನದು. ಲೆನ್ಸ್ ಕೊಡುವ ಮೂರು ಸ್ಟಾಪ್‌ಗಳ ಮುಂದೆ ಇದು ಚಿಕ್ಕದೇ. ಅದರ ಮೇಲೆ, ನಿಮ್ಮ ಕಿಟ್ ಲೆನ್ಸ್ ಫುಲ್ ಫ್ರೇಮ್ ಸೆನ್ಸರಿನ ಮೂಲೆಗಳನ್ನು ತುಂಬುವಂಥದ್ದಲ್ಲವಾದ್ದರಿಂದ ಹೊಸ ಬಾಡಿಯ ಜೊತೆಗೆ ಹೊಸ ಲೆನ್ಸನ್ನೂ ಕೊಳ್ಳಲೇಬೇಕಾಗುತ್ತದೆ.

ಕಿಟ್ ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ತಡೆಯುವುದು ನಮ್ಮ ಕೈಯ ನಡುಕವನ್ನು. ಎದುರಿಗಿರುವವರ ಚಲನೆಯನ್ನು ನಿಲ್ಲಿಸುವುದು ಶಟರ್ ವೇಗವೊಂದೇ.

ದೊಡ್ಡ ಅಪರ್ಚರಿಗೂ ತೆರಬೇಕಾದ ಬೆಲೆಯೊಂದಿದೆ. ನಿಮ್ಮ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಎಫ್/2ರಲ್ಲಿಟ್ಟು ಮೂರು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಒಂದು ಅಡಿ ಮಾತ್ರ. ಮಗಳು ಒಬ್ಬಳೇ ಇದ್ದರೆ ಅದು ಸಾಕು. ಹಿಂದೆ ನಿಂತ ಸಹ ನರ್ತಕಿಯ ಮುಖವೂ ನಿಖರವಾಗಿ ಬರಬೇಕಾದರೆ ಹಿಂದೆ ಸರಿದು ತೆಗೆಯಬೇಕು, ಇಲ್ಲವೇ ಎಫ್/4ರವರೆಗೆ ಹೋಗಿ ಹೆಚ್ಚಿನ ಐಎಸ್‌ಒವನ್ನು ಒಪ್ಪಿಕೊಳ್ಳಬೇಕು.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಮುಂದಿನ ಕಾರ್ಯಕ್ರಮದಲ್ಲಿ ಕಿಟ್ ಲೆನ್ಸಿನ ಜೂಮ್ ಉಂಗುರವನ್ನು 50ರ ಗುರುತಿಗೆ ತಂದು, ಕೊನೆಯವರೆಗೂ ಅದನ್ನು ತಿರುಗಿಸದೆ ಚಿತ್ರ ತೆಗೆಯಿರಿ. ನೀವು ಕೂರುವ ಜಾಗದಿಂದ ನರ್ತಕಿ ಚೌಕಟ್ಟಿನಲ್ಲಿ ತೀರ ಚಿಕ್ಕದಾಗಿ ಕಂಡರೆ ನಿಮಗೆ ಬೇಕಿರುವುದು 85 ಮಿ.ಮೀ. ಎಫ್/1.8. ಇನ್ನೊಂದು ಎಚ್ಚರಿಕೆ: ನಿಕಾನ್‌ನ ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇರುವುದಿಲ್ಲ. ನಿಮ್ಮದು ಆ ಬಗೆಯದಾಗಿದ್ದರೆ ಎಎಫ್-ಡಿ ಎಂದು ಬರೆದಿರುವ ಹಳೆಯ ಲೆನ್ಸ್ ಅಗ್ಗವಾಗಿ ಸಿಕ್ಕಿತೆಂದು ಕೊಳ್ಳಬೇಡಿ, ಮೋಟರ್ ಒಳಗೇ ಇರುವ ಎಎಫ್-ಎಸ್ ಲೆನ್ಸನ್ನೇ ಆರಿಸಿ.

ಪ್ರಶ್ನೆ: ಡಿಎಸ್‌ಎಲ್‌ಆರ್‌ನಿಂದ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಹೋಗಬೇಕೆಂದಿದ್ದೇನೆ. ಇರುವ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಬಳಸಿದರೆ ಚಿತ್ರದ ಗುಣಮಟ್ಟ ಕೆಡುತ್ತದೆಯೇ?

ಉತ್ತರ: ಕೆಡುವುದಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಗೆ ಜಾಗ ಬೇಕಿದ್ದರಿಂದ ಲೆನ್ಸ್ ಕೂರುವ ಮೌಂಟ್ ಸೆನ್ಸರಿನಿಂದ ದೂರದಲ್ಲಿರುತ್ತದೆ. ನಿಕಾನ್‌ನ ಎಫ್ ಮೌಂಟ್‌ನಲ್ಲಿ ಈ ದೂರ 46.5 ಮಿ.ಮೀ., 2018ರಲ್ಲಿ ಬಂದ ಝಡ್ ಮೌಂಟ್‌ನಲ್ಲಿ 16 ಮಿ.ಮೀ.; ಕ್ಯಾನನ್‌ನ ಇಎಫ್‌ನಲ್ಲಿ 44, ಆರ್‌ಎಫ್‌ನಲ್ಲಿ 20. ಕಂಪನಿಯ ಅಡಾಪ್ಟರ್ ಈ ಅಂತರವನ್ನು ತುಂಬುವ ಟೊಳ್ಳು ಕೊಳವೆ ಮಾತ್ರ. ಒಳಗೆ ಗಾಜಿಲ್ಲ, ವಿದ್ಯುತ್ ಸಂಪರ್ಕಗಳಷ್ಟೇ ಇರುತ್ತವೆ. ಇದೇ ಕಾರಣಕ್ಕೆ ಮಿರರ್‌ಲೆಸ್ ಲೆನ್ಸನ್ನು ಡಿಎಸ್‌ಎಲ್‌ಆರ್‌ಗೆ ಹಾಕುವ ದಾರಿ ಮುಚ್ಚಿದೆ.

ಆಟೊಫೋಕಸ್ ವಿಷಯ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಕ್ಯಾನನ್‌ನ ಇಎಫ್ ಮತ್ತು ಇಎಫ್-ಎಸ್ ಲೆನ್ಸ್‌ಗಳು ಆರ್ ಸರಣಿಯ ಬಾಡಿಗಳಲ್ಲಿ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ; ಆದರೆ ಇಎಫ್-ಎಸ್ ಲೆನ್ಸನ್ನು ಫುಲ್ ಫ್ರೇಮ್ ಬಾಡಿಗೆ ಹಾಕಿದಾಗ ಸೆನ್ಸರಿನ ನಡುಭಾಗ ಮಾತ್ರ ಬಳಕೆಯಾಗಿ ಅರ್ಧಕ್ಕಿಂತ ಹೆಚ್ಚು ಪಿಕ್ಸೆಲ್‌ಗಳು ವ್ಯರ್ಥವಾಗುತ್ತವೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟರ್ ಇಲ್ಲದ ಕಾರಣ ಎಎಫ್-ಡಿ ಲೆನ್ಸ್‌ಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕು. ಒಳ್ಳೆಯ ಟೆಲಿಫೋಟೊ ಅಥವಾ ಮ್ಯಾಕ್ರೊ ಲೆನ್ಸ್ ಇದ್ದರೆ ಅಡಾಪ್ಟರ್ ಕೊಳ್ಳುವುದು ಸರಿಯಾದ ನಿರ್ಧಾರ. ಇರುವುದು ಕಿಟ್ ಲೆನ್ಸೊಂದೇ ಆದರೆ ಅದನ್ನು ಹಳೆಯ ಬಾಡಿಯೊಂದಿಗೇ ಮಾರಿಬಿಡಿ.

ಪ್ರಶ್ನೆ: ಫ್ಲ್ಯಾಶ್ ಬಳಸಿದರೆ ಮುಖಗಳು ಬೆಳ್ಳಗೆ ಸುಟ್ಟಂತಾಗಿ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಬೀಳುತ್ತದೆ. ಹೆಚ್ಚು ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ) ಇರುವ ಫ್ಲ್ಯಾಶ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಶಕ್ತಿ ಹೆಚ್ಚಿದ ಮಾತ್ರಕ್ಕೆ ಆ ನೆರಳು ಹೋಗುವುದಿಲ್ಲ, ಏಕೆಂದರೆ ದೋಷವಿರುವುದು ಬೆಳಕಿನ ದಿಕ್ಕಿನಲ್ಲಿ ಮತ್ತು ಅದರ ಮೂಲದ ಗಾತ್ರದಲ್ಲಿ. ಅಂಗೈಗಿಂತ ಚಿಕ್ಕದಾದ ಕಿಟಕಿಯಿಂದ ನೇರವಾಗಿ ಮುಖಕ್ಕೆ ಬಡಿಯುವ ಬೆಳಕು ಯಾವಾಗಲೂ ಕಟುವೇ. ಹಾಗಾಗಿ ಫ್ಲ್ಯಾಶ್ ಆರಿಸುವಾಗ ನಾನು ಮೊದಲು ನೋಡುವುದು ಅದರ ತಲೆ ಮೇಲಕ್ಕೂ ಪಕ್ಕಕ್ಕೂ ಹಿಂದಕ್ಕೂ ತಿರುಗುತ್ತದೆಯೇ ಎಂಬುದನ್ನು. ಮೇಲಕ್ಕೆ ಮಾತ್ರ ಬಾಗುವ ಚಿಕ್ಕ ಫ್ಲ್ಯಾಶ್‌ಗಳು ಕ್ಯಾಮೆರಾವನ್ನು ಲಂಬವಾಗಿ ಹಿಡಿದ ಕೂಡಲೇ ನಿರುಪಯುಕ್ತವಾಗುತ್ತವೆ.

ಬಿಳಿಯ ಗೋಡೆಗಳಿರುವ ಕೋಣೆಯಲ್ಲಿ ಒಬ್ಬರನ್ನು ಕೂರಿಸಿ ಪ್ರಯತ್ನಿಸಿ. ಫ್ಲ್ಯಾಶ್ ತಲೆಯನ್ನು ನಿಮ್ಮ ಎಡ ಭುಜದ ಹಿಂದಕ್ಕೆ ತಿರುಗಿಸಿ, ಗೋಡೆ ಮತ್ತು ಚಾವಣಿ ಕೂಡುವ ಮೂಲೆಯ ಕಡೆಗೆ ಎತ್ತಿ ಚಿತ್ರ ತೆಗೆಯಿರಿ. ಆ ಗೋಡೆಯೇ ಒಂದು ದೊಡ್ಡ ಬೆಳಕಿನ ಮೂಲವಾಗಿ, ಮೂಗಿನ ಒಂದು ಪಕ್ಕದಲ್ಲಿ ಮಾತ್ರ ತೆಳು ನೆರಳು ಮೂಡುತ್ತದೆ; ಕೆನ್ನೆಯ ಉಬ್ಬುತಗ್ಗು ಕಾಣತೊಡಗುತ್ತದೆ; ಹಿಂದಿನ ಕಪ್ಪು ಅಂಚು ಇಲ್ಲವಾಗುತ್ತದೆ. ಗೋಡೆಗೆ ಹಸಿರೋ ನೀಲಿಯೋ ಬಣ್ಣವಿದ್ದರೆ ಆ ಛಾಯೆ ಮುಖಕ್ಕೂ ಬರುತ್ತದೆ ಎಂಬುದನ್ನು ಮರೆಯಬಾರದು.

ಗೈಡ್ ನಂಬರ್ ಬೇಕಾಗುವುದು ಇಲ್ಲಿಯೇ. ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ತಲುಪುವ ದೂರ ಸಿಗುತ್ತದೆ: ಐಎಸ್‌ಒ 100ರಲ್ಲಿ ಗೈಡ್ ನಂಬರ್ 40 ಇದ್ದರೆ ಎಫ್/4ರಲ್ಲಿ 10 ಮೀಟರ್. ಗೋಡೆಗೆ ತಾಗಿಸಿ ಬೌನ್ಸ್ ಮಾಡಿದಾಗ ಕನಿಷ್ಠ ಎರಡು ಸ್ಟಾಪ್‌ನಷ್ಟು ಬೆಳಕು ಕಳೆದುಹೋಗುತ್ತದೆ ಎಂದು ಲೆಕ್ಕ ಹಿಡಿದರೆ ಆ 10 ಮೀಟರ್ 5 ಆಗುತ್ತದೆ. ಐಎಸ್‌ಒವನ್ನು 400ಕ್ಕೆ ಏರಿಸಿದರೆ ಮತ್ತೆ 10ಕ್ಕೆ ಬರುತ್ತದೆ. ಜಾಹೀರಾತಿನಲ್ಲಿ ಬರುವ 60ರಂಥ ಸಂಖ್ಯೆಗಳನ್ನು ಅನೇಕ ವೇಳೆ ಫ್ಲ್ಯಾಶ್ ತಲೆಯನ್ನು 200 ಮಿ.ಮೀ.ಗೆ ಜೂಮ್ ಮಾಡಿ ಅಳೆದಿರುತ್ತಾರೆ. ಎರಡು ಫ್ಲ್ಯಾಶ್‌ಗಳನ್ನು ಹೋಲಿಸುವಾಗ 35 ಮಿ.ಮೀ.ನಲ್ಲಿ ಎಷ್ಟೆಂದು ಕೈಪಿಡಿಯಲ್ಲಿ ನೋಡಿ.

ಟಿಟಿಎಲ್ (ಫ್ಲ್ಯಾಶಿನ ಬೆಳಕನ್ನು ಕ್ಯಾಮೆರಾವೇ ಅಳೆದು ಹೊಂದಿಸುವ ವ್ಯವಸ್ಥೆ) ಬೇಕಿದ್ದರೆ ನಿಮ್ಮ ಕ್ಯಾಮೆರಾ ಕಂಪನಿಗೆಂದೇ ಮಾಡಿದ ಮಾದರಿಯನ್ನೇ ಕೊಳ್ಳಬೇಕು, ಏಕೆಂದರೆ ಹಾಟ್ ಶೂ (ಕ್ಯಾಮೆರಾ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ಮೇಲಿನ ಸಂಪರ್ಕ ಬಿಂದುಗಳು ಒಂದೊಂದು ಕಂಪನಿಗೆ ಒಂದೊಂದು ರೀತಿ. ಮನೆಯಲ್ಲಿ ಫಿಲ್ಮ್ ಕಾಲದ ಫ್ಲ್ಯಾಶ್ ಇದ್ದರೆ ಅದನ್ನು ಹಾಗೆಯೇ ಸಿಕ್ಕಿಸಬೇಡಿ. ಅವುಗಳಲ್ಲಿ ಕೆಲವುಗಳ ಟ್ರಿಗರ್ ವೋಲ್ಟೇಜ್ 200 ದಾಟುತ್ತದೆ, ಅದು ಡಿಜಿಟಲ್ ಕ್ಯಾಮೆರಾದ ಸರ್ಕ್ಯೂಟನ್ನೇ ಹಾಳುಮಾಡಬಲ್ಲದು.

ಪ್ರಶ್ನೆ: 24 ಮೆಗಾಪಿಕ್ಸೆಲ್ ಸಾಕೇ, 45 ಬೇಕೇ?

ಉತ್ತರ: 24 ಸಾಕು. 6000 × 4000 ಪಿಕ್ಸೆಲ್‌ಗಳ ಚಿತ್ರವನ್ನು ಇಂಚಿಗೆ 300ರಂತೆ ಮುದ್ರಿಸಿದರೆ 20 × 13 ಇಂಚಿನ ಪ್ರಿಂಟ್ ಬರುತ್ತದೆ, ಅದು ಎ3 ಹಾಳೆಗಿಂತ ದೊಡ್ಡದು. ದೂರದ ಹಕ್ಕಿಗಳನ್ನು ತೆಗೆದು ಬಹಳಷ್ಟು ಕತ್ತರಿಸುವವರಿಗೆ 45 ಉಪಯೋಗಕ್ಕೆ ಬರುತ್ತದೆ, ಲೆನ್ಸ್ ಅಷ್ಟು ಸೂಕ್ಷ್ಮ ವಿವರ ಕೊಡುವಂತಿದ್ದರೆ.

ಪ್ರಶ್ನೆ: ಬಳಸಿದ ಲೆನ್ಸ್ ಕೊಳ್ಳುವಾಗ ಏನೇನು ಪರೀಕ್ಷಿಸಬೇಕು?

ಉತ್ತರ: ಎರಡೂ ಕಡೆಯ ಮುಚ್ಚಳ ತೆಗೆದು, ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಒಳಗೆ ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಕವಲೊಡೆದ ಸಣ್ಣ ಎಳೆಗಳು ಕಂಡರೆ ಅದು ಫಂಗಸ್; ಎಷ್ಟೇ ಕಡಿಮೆ ಬೆಲೆ ಹೇಳಿದರೂ ಆ ಲೆನ್ಸನ್ನು ಬಿಟ್ಟುಬಿಡಿ. ಮುಂದಿನ ಗಾಜಿನ ಮೇಲಿನ ಕೂದಲೆಳೆಯಷ್ಟು ಗೀರು ಚಿತ್ರದಲ್ಲಿ ಕಾಣುವುದು ಅಪರೂಪ, ಹಿಂದಿನ ಗಾಜಿನ ಮೇಲಿನದು ಸುಲಭವಾಗಿ ಕಾಣುತ್ತದೆ. ಅಪರ್ಚರ್ ಎಲೆಗಳ ಮೇಲೆ ಎಣ್ಣೆಯ ಹೊಳಪಿದೆಯೇ ಎಂದೂ ಗಮನಿಸಿ. ಕೊನೆಗೆ, ಇಟ್ಟಿಗೆಯ ಗೋಡೆಯೊಂದರ ಎದುರು ಕ್ಯಾಮೆರಾವನ್ನು ನೇರವಾಗಿ ಹಿಡಿದು, ಅಪರ್ಚರನ್ನು ಪೂರ್ತಿ ತೆರೆದು ಚಿತ್ರ ತೆಗೆದು, ನಾಲ್ಕೂ ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ನಾಲ್ಕೂ ಸಮಾನವಾಗಿ ತುಸು ಮೆತ್ತಗಿದ್ದರೆ ಅದು ಆ ಲೆನ್ಸಿನ ಸಹಜ ಗುಣ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಸ್ಥಾನ ತಪ್ಪಿರುವ ಸಂಭವ ಹೆಚ್ಚು, ಅಂಥದ್ದನ್ನು ಕೊಳ್ಳಬೇಡಿ.